ಮಂಡಿ ಹೊಸದು, ತೊಡೆ ಹಳೆಯದೇ

"ದಿನಾ ಎರಡು ಹೊತ್ತು ವಾಕಿಂಗ್ ಮಾಡ್ತೀನಿ ಮೇಡಂ, ಆದ್ರೂ ಮೆಟ್ಟಿಲು ಹತ್ತೋಕಾಗ್ತಿಲ್ಲ." ಮಂಡಿ ಬದಲಾವಣೆ ಆಪರೇಷನ್ ಆಗಿ ಎರಡು ಮೂರು ತಿಂಗಳಾದವರು ಫಿಸಿಯೋಥೆರಪಿಗೆ ಬಂದಾಗ ಮೊದಲು ಹೇಳುವ ಮಾತು ಇದೇ. ಗಾಯ ಒಣಗಿರುತ್ತದೆ, ಎಕ್ಸ್‌ರೇ ಚೆನ್ನಾಗಿರುತ್ತದೆ, ಮಂಡಿಯೂ ಮಡಚುತ್ತದೆ. ಆದರೆ ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕು. ಬಸ್ಸಿನ ಮೊದಲ ಮೆಟ್ಟಿಲು ಕಂಡರೆ ಭಯ.

ಇಂಥವರಲ್ಲಿ ತೊಂದರೆ ಹೆಚ್ಚಾಗಿ ಇರುವುದು ತೊಡೆಯಲ್ಲಿ. ತೊಡೆಯ ಮುಂಭಾಗದ ದಪ್ಪ ಸ್ನಾಯುವಿಗೆ ಕ್ವಾಡ್ರಿಸೆಪ್ಸ್ ಅನ್ನುತ್ತೇವೆ. ಕಾಲು ನೀಡುವುದು, ಎದ್ದು ನಿಲ್ಲುವುದು, ಮೆಟ್ಟಿಲು ಇಳಿಯುವಾಗ ಮೈಭಾರ ತಡೆಯುವುದು ಎಲ್ಲಕ್ಕೂ ಅದೇ ಬೇಕು. ಮಂಡಿ ಸವೆದು ನೋಯುತ್ತಿದ್ದ ವರ್ಷಗಳಲ್ಲೇ ಅದು ಸೊರಗಿರುತ್ತದೆ. ಆಪರೇಷನ್ ಆದ ಮೊದಲ ತಿಂಗಳಲ್ಲಿ ಇದ್ದ ಬಲದಲ್ಲೂ ಅರ್ಧಕ್ಕಿಂತ ಜಾಸ್ತಿ ಹೋಗಬಹುದು. ಮಂಡಿಯಲ್ಲಿ ಊತ ಮತ್ತು ನೋವು ಇರುವಷ್ಟು ದಿನ ನರಗಳೇ ಆ ಸ್ನಾಯುವನ್ನು ಪೂರ್ತಿ ಕೆಲಸ ಮಾಡಲು ಬಿಡುವುದಿಲ್ಲ. "ತೊಡೆ ಬಿಗಿ ಮಾಡಿ ಅಮ್ಮ" ಅಂದರೆ ಪಾಪ, ಮುಖವೆಲ್ಲ ಬಿಗಿಯಾಗುತ್ತದೆ, ತೊಡೆ ಮಾತ್ರ ಮೆತ್ತಗೇ ಇರುತ್ತದೆ. ಅದು ಸೋಮಾರಿತನವಲ್ಲ. ದಯವಿಟ್ಟು ಮನೆಯವರು ಬೈಯಬೇಡಿ.

ಹಾಗಾಗಿ ಮೊದಲ ವಾರಗಳಲ್ಲಿ ಸ್ನಾಯುವನ್ನು ಎಬ್ಬಿಸುವುದೇ ದೊಡ್ಡ ಕೆಲಸ. ಕಾಲು ಎತ್ತರದಲ್ಲಿಟ್ಟು ಐಸ್ ಇಡುವುದು, ತೊಡೆ ಬಿಗಿ ಹಿಡಿದು 5 ಎಣಿಸಿ ಬಿಡುವುದು, ಮಲಗಿಕೊಂಡು ಕಾಲನ್ನು ನೇರವಾಗಿ ಎತ್ತುವುದು. ಕಾಲು ಎತ್ತುವಾಗ ಪಕ್ಕದಲ್ಲಿ ಕೂತು ಮಂಡಿಯನ್ನೇ ನೋಡಿ. ಹಿಮ್ಮಡಿ ಹಾಸಿಗೆ ಬಿಡುವ ಹೊತ್ತಿಗೆ ಮಂಡಿ ಸ್ವಲ್ಪ ಬಾಗಿದರೆ ಸ್ನಾಯು ಇನ್ನೂ ಸೋಲುತ್ತಿದೆ ಎಂದರ್ಥ. ಇನ್ನೊಂದು ಮಾತು: ಆರಾಮ ಅನ್ನಿಸುತ್ತದೆ ಅಂತ ಮಂಡಿಯ ಕೆಳಗೆ ದಿಂಬು ಇಟ್ಟು ಮಲಗಬೇಡಿ. ಮಂಡಿ ಬಾಗಿದಂತೆಯೇ ಬಿಗಿದುಕೊಳ್ಳುತ್ತದೆ, ಆಮೇಲೆ ನೇರ ಮಾಡಿಸುವುದು ಬಹಳ ಕಷ್ಟ. ದಿಂಬು ಬೇಕಿದ್ದರೆ ಹಿಮ್ಮಡಿಯ ಕೆಳಗಿರಲಿ.

ಇಷ್ಟನ್ನು ತುಂಬಾ ಜನ ಶ್ರದ್ಧೆಯಿಂದ ಮಾಡುತ್ತಾರೆ. ಎಡವುವುದು ಇದರ ಮುಂದೆ. ಡಿಸ್ಚಾರ್ಜ್ ದಿನ ಕೊಟ್ಟ ಹಾಳೆಯ ವ್ಯಾಯಾಮವನ್ನೇ ನಾಲ್ಕು ತಿಂಗಳಾದರೂ ಅಷ್ಟೇ ಸಲ, ಅಷ್ಟೇ ಭಾರಕ್ಕೆ ಮಾಡುತ್ತಿರುತ್ತಾರೆ. ಸುಲಭವಾಗಿ ಆಗುವ ಕೆಲಸದಿಂದ ಸ್ನಾಯು ಬೆಳೆಯುವುದಿಲ್ಲ. ವಾಕಿಂಗ್ ಹೃದಯಕ್ಕೆ ಒಳ್ಳೆಯದು, ಸಕ್ಕರೆ ಕಾಯಿಲೆಗೂ ಒಳ್ಳೆಯದು, ಬಿಡಬೇಡಿ. ಆದರೆ ಸಮನೆಲದ ನಡಿಗೆಗೆ ತೊಡೆಯ ಬಲ ಸ್ವಲ್ಪವೇ ಸಾಕು. ಮೆಟ್ಟಿಲಿಗೆ ಅದು ಸಾಲದು.

ನನಗೆ ಎಲ್ಲಕ್ಕಿಂತ ಇಷ್ಟವಾದ ವ್ಯಾಯಾಮ ಕುರ್ಚಿಯಿಂದ ಎದ್ದು ಕೂರುವುದು. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿ ಸಾಕು. ಮೊದಲು ಎರಡು ದಿಂಬು ಹಾಕಿ ಎತ್ತರ ಮಾಡಿ. ಪಾದಗಳು ಒಂದೇ ಸಾಲಿನಲ್ಲಿರಲಿ. ಇಲ್ಲಿ ಒಂದು ಕಳ್ಳದಾರಿ ಇದೆ. ಗೊತ್ತಿಲ್ಲದೇ ಆಪರೇಷನ್ ಆದ ಕಾಲು ಮುಂದೆ ಹೋಗುತ್ತದೆ, ಭಾರವೆಲ್ಲ ಇನ್ನೊಂದು ಕಾಲಿನ ಮೇಲೆ ಬೀಳುತ್ತದೆ. ಕನ್ನಡಿ ಮುಂದೆ ಮಾಡಿದರೆ ತಾನೇ ಕಾಣುತ್ತದೆ. 10 ಸಲ ಆರಾಮಾಗಿ ಆದರೆ ಒಂದು ದಿಂಬು ತೆಗೆಯಿರಿ. ಎರಡೂ ಹೋದ ಮೇಲೆ ಎದೆಗೆ 2 ಕೆಜಿ ಅಕ್ಕಿ ಪೊಟ್ಟಣ ಅಪ್ಪಿಕೊಂಡು ಏಳಿ. ಜೊತೆಗೆ ಮೆಟ್ಟಿಲ ಪಕ್ಕದ ಕಂಬಿ ಹಿಡಿದು ಗಿಡ್ಡ ಮೆಟ್ಟಿಲು ಹತ್ತಿ ಇಳಿಯುವುದು, ಕಾಲನ್ನು ಪಕ್ಕಕ್ಕೆ ಎತ್ತುವುದು. 8ರಿಂದ 12 ಸಲ ಮಾಡುವಾಗ ಕೊನೆಯ ಎರಡು ಕಷ್ಟ ಅನ್ನಿಸುವಷ್ಟು ಭಾರ ಬೇಕು. ಇಂಥ ವ್ಯಾಯಾಮ ವಾರಕ್ಕೆ 2–3 ದಿನ ಸಾಕು, ನಡುವೆ ಬಿಡುವಿರಲಿ. ಯಾವಾಗ ಶುರು ಮಾಡಬೇಕು ಎಂಬುದನ್ನು ನಿಮ್ಮ ಡಾಕ್ಟರ್ ಮತ್ತು ಫಿಸಿಯೋ ಹೇಳಲಿ.

ಜಾಸ್ತಿ ಆಯಿತಾ ಅಂತ ತಿಳಿಯಲು ಟೈಲರ್ ಟೇಪ್ ಸಾಕು. ಮಂಡಿಚಿಪ್ಪಿನ ಮಧ್ಯಕ್ಕೆ ಸುತ್ತಳತೆ ಬರೆದಿಡಿ. ಮಾರನೇ ಬೆಳಿಗ್ಗೆ ಊತ ಏರಿದ್ದರೆ, ನೋವು ಮೊದಲಿನ ಮಟ್ಟಕ್ಕೆ ಇಳಿಯದಿದ್ದರೆ ಭಾರ ಕಡಿಮೆ ಮಾಡಿ. ವ್ಯಾಯಾಮದ ಹೊತ್ತಿನ ಸಣ್ಣ ನೋವಿಗೆ ಹೆದರಬೇಡಿ. ಮೀನಖಂಡದಲ್ಲಿ ನೋವು, ಊತ ಬಂದರೆ, ಗಾಯ ಸೋರಿದರೆ, ಜ್ವರ ಬಂದರೆ ಮಾತ್ರ ವ್ಯಾಯಾಮ ನಿಲ್ಲಿಸಿ ಅವತ್ತೇ ಡಾಕ್ಟರಿಗೆ ತೋರಿಸಿ. ಎದೆನೋವು, ಉಸಿರಾಟದ ತೊಂದರೆ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಬರೀ ಅನ್ನ-ಸಾರು ಉಂಡರೆ ಸ್ನಾಯು ಕಟ್ಟುವುದಿಲ್ಲ. ಮೊಳಕೆ ಕಾಳು, ಮೊಸರು, ಮೊಟ್ಟೆ ದಿನವೂ ಬೇಕು. ಕಿಡ್ನಿ ತೊಂದರೆ ಇದ್ದವರು ಕೇಳಿಯೇ ತಿನ್ನಿ.

"ಇನ್ನೆಷ್ಟು ದಿನ ಮೇಡಂ?" ಅಂತ ಎಲ್ಲರೂ ಕೇಳುತ್ತಾರೆ. ಬಲ ಕೂಡುವುದು ಒಂದು ವರ್ಷದವರೆಗೂ ನಡೆಯುತ್ತದೆ, ಆರು ವಾರಕ್ಕೆ ಕೈಬಿಡಬೇಡಿ. ಇನ್ನೊಂದು ಕಾಲಿಗೂ ಇದೇ ವ್ಯಾಯಾಮ ಮಾಡಿಸಿ. ಎಷ್ಟೋ ಜನರಲ್ಲಿ ಆ ಮಂಡಿಯೂ ಸವೆದಿರುತ್ತದೆ. ಮುಂದೆ ಅದಕ್ಕೂ ಆಪರೇಷನ್ ಬೇಕಾದರೆ, ಈಗ ಕಟ್ಟಿದ ಬಲ ಅವತ್ತು ನೆರವಿಗೆ ಬರುತ್ತದೆ.