ಸ್ಟ್ಯಾಂಪ್ ಒತ್ತಿ ಬಣ್ಣ ತುಂಬಿದರೆ ಗೆರೆ ಯಾಕೆ ಕದಡುತ್ತೆ?

ಪ್ರಶ್ನೆ: ಮನೆಯಲ್ಲೇ ಗ್ರೀಟಿಂಗ್ ಕಾರ್ಡ್ ಮಾಡುತ್ತೇನೆ. ರಬ್ಬರ್ ಸ್ಟ್ಯಾಂಪಿನಿಂದ ಹೂವು ಒತ್ತಿ, ಚೆನ್ನಾಗಿ ಒಣಗಿದ ಮೇಲೇ ವಾಟರ್ ಕಲರ್ ತುಂಬುತ್ತೇನೆ. ಆದರೂ ಗೆರೆ ಕದಡಿ ಹೂವೆಲ್ಲ ಕೊಳಕಾಗುತ್ತದೆ. ಇನ್ನೂ ಎಷ್ಟು ಹೊತ್ತು ಒಣಗಿಸಬೇಕು?

ಉತ್ತರ: ಎರಡು ದಿನ ಒಣಗಿಸಿದರೂ ಅಷ್ಟೇ. ತಪ್ಪು ನಿಮ್ಮ ಕೈಯದಲ್ಲ, ಇಂಕಿನದು.

ಒಂದು ಸಂಕ್ರಾಂತಿಗೆ ನಮ್ಮ ಅತ್ತೆಗೆ ಅಂತ ನಾನೂ ಕಬ್ಬಿನ ಜಲ್ಲೆಯ ಕಾರ್ಡ್ ಮಾಡಿದ್ದೆ. ಇಂಕು ಮನೆಯಲ್ಲಿದ್ದ ನೇರಳೆ ಸ್ಟ್ಯಾಂಪ್ ಪ್ಯಾಡಿನದು, ಆಫೀಸಿನಲ್ಲಿ ಸೀಲ್ ಹಾಕ್ತಾರಲ್ಲ, ಅದೇ. ಹಸಿರು ತುಂಬಿದ ಬ್ರಷ್ ಎಲೆಯ ಅಂಚಿಗೆ ತಾಗಿದ್ದೇ ತಡ, ಗೆರೆಯೊಳಗಿಂದ ನೇರಳೆ ಎಳೆ ಎಳೆಯಾಗಿ ಹರಿದು ಬಂತು. ನೋಡನೋಡುತ್ತಿದ್ದಂತೆ ಎಲೆ ಕೆಸರಿನ ಬಣ್ಣಕ್ಕೆ ತಿರುಗಿತು. ರಾತ್ರಿಯಿಡೀ ಒಣಗಿದ ಗೆರೆ ಅದು!

ಆ ಪ್ಯಾಡಿನ ಇಂಕಿನಲ್ಲಿ ಸಾಮಾನ್ಯವಾಗಿ ನೀರು, ಗ್ಲಿಸರಿನ್ ಅಥವಾ ಗ್ಲೈಕಾಲ್, ಅದರಲ್ಲಿ ಕರಗಿದ ಬಣ್ಣ (ಡೈ) ಇರುತ್ತವೆ. ಗ್ಲಿಸರಿನ್ ತೇವ ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೇ ಪ್ಯಾಡ್ ಬೇಗ ಒಣಗಿಹೋಗುವುದಿಲ್ಲ. ಕಾಗದದ ಮೇಲೆ ಒಣಗಿದಂತೆ ಕಂಡರೂ ಅದನ್ನು ಕಾಗದ ಹೀರಿಕೊಂಡಿರುತ್ತದೆ, ಅಷ್ಟೇ. ನೀರಲ್ಲಿ ಕರಗಿದ್ದ ಬಣ್ಣಕ್ಕೆ ಮತ್ತೆ ನೀರು ತಾಗಿದರೆ ಅದು ಕರಗದೆ ಇರುತ್ತಾ? ಕರಕುಶಲದ ಅಂಗಡಿಯಲ್ಲಿ ಸಿಗುವ ಡೈ ಇಂಕುಗಳಲ್ಲೂ ಹೆಚ್ಚಿನವು ಇದೇ ಜಾತಿಯವು.

ಪಿಗ್ಮೆಂಟ್ ಇಂಕು ಬೇರೆ. ಅದರಲ್ಲಿ ಬಣ್ಣ ಕರಗಿರುವುದಿಲ್ಲ, ಸಣ್ಣ ಪುಡಿಯಾಗಿ ತೇಲುತ್ತಿರುತ್ತದೆ. ಹಿಂದೆ ಕಂಟ ಎಂಬ ಚೂಪು ಕಬ್ಬಿಣದ ಕಡ್ಡಿಯಿಂದ ಗೀರಿ ಬರೆದ ಓಲೆಗರಿಗೆ ದೀಪದ ಮಸಿ ಸವರುತ್ತಿದ್ದರು. ನೂರಾರು ವರ್ಷ ಕಳೆದರೂ ಆ ಅಕ್ಷರ ಕಪ್ಪಾಗಿಯೇ ಕಾಣುತ್ತದೆ, ಮಸಿಯೂ ಪಿಗ್ಮೆಂಟೇ ಅಲ್ವಾ. ಹಾಗಂತ ಪಿಗ್ಮೆಂಟ್ ಅಂತ ಬರೆದಿದ್ದೆಲ್ಲ ನೀರು ತಡೆಯುತ್ತದೆ ಅಂದುಕೊಳ್ಳಬೇಡಿ. ಗ್ಲಿಸರಿನ್ ಜಾಸ್ತಿ ಇರುವ ಪಿಗ್ಮೆಂಟ್ ಇಂಕು ಮಳೆಗಾಲದಲ್ಲಂತೂ ಒಣಗುವುದೇ ಇಲ್ಲ. ವಾಟರ್ ಕಲರ್ ತುಂಬಬೇಕಾದರೆ ಎಣ್ಣೆ ಬೆರೆತ ಪರ್ಮನೆಂಟ್ ಇಂಕು ತಗೊಳ್ಳಿ. ರೇಂಜರ್ ಕಂಪನಿಯ ಆರ್ಕೈವಲ್, ಸುಕಿನೆಕೋದ ವರ್ಸಾಫೈನ್ ಈ ಬಗೆಯವು. ಸುಕಿನೆಕೋದ್ದೇ ಮೆಮೆಂಟೋ ಮಾತ್ರ ಇದಕ್ಕಲ್ಲ, ಅದು ಆಲ್ಕೋಹಾಲ್ ಬೆರೆತ ಇಂಕಿನ ಮಾರ್ಕರ್ ಪೆನ್ನಿನಿಂದ ಬಣ್ಣ ತುಂಬುವುದಕ್ಕೆ ಸರಿ. ಡಬ್ಬಿಯ ಮೇಲಿನ ಮಾತನ್ನೂ ಪೂರ್ತಿ ನಂಬಬೇಡಿ. ಅದೇ ಕಾಗದದ ಚೂರಿನ ಮೇಲೆ ಒತ್ತಿ, ಒಣಗಿಸಿ, ಒದ್ದೆ ಬ್ರಷ್ ಎಳೆದು ನೋಡಿ.

ಕಾಗದವೂ ಮುಖ್ಯ. ಮದುವೆ ಕಾರ್ಡಿನಂಥ ಮಿರುಗುವ ಕಾಗದ ಇಂಕನ್ನು ಹೀರುವುದಿಲ್ಲ, ಬೆರಳು ತಾಗಿದರೂ ಒರೆಸಿಹೋಗುತ್ತದೆ. ಅದಕ್ಕೆ ಸ್ಟೇಜ್‌ಆನ್‌ನಂಥ ಸಾಲ್ವೆಂಟ್ ಇಂಕು, ಅಂದರೆ ನೀರಿನ ಬದಲು ಬೇಗ ಆರುವ ದ್ರಾವಕ ಇರುವ ಇಂಕು ಬೇಕು.

ನನಗೆ ಎಲ್ಲಕ್ಕಿಂತ ಇಷ್ಟ ಎಂಬಾಸಿಂಗ್, ಅಂದರೆ ಒತ್ತಿದ ಗೆರೆಯ ಮೇಲೆ ಪುಡಿ ಕರಗಿಸಿ ಉಬ್ಬಿಸುವುದು. ಮೊದಲು ಕಾಗದಕ್ಕೆ ಟಾಲ್ಕಂ ಪೌಡರ್ ತೆಳ್ಳಗೆ ಸವರಿ ಒರೆಸಿ. ಆ ಮೇಲೆ ನಿಧಾನವಾಗಿ ಒಣಗುವ ಪಿಗ್ಮೆಂಟ್ ಇಂಕಿನಿಂದ ಒತ್ತಿ, ಒದ್ದೆ ಇರುವಾಗಲೇ ಎಂಬಾಸಿಂಗ್ ಪುಡಿ ಉದುರಿಸಿ, ಮಿಕ್ಕಿದ್ದನ್ನು ಕೊಡವಿ. ಈಗ ಪುಡಿಯನ್ನು ಬಿಸಿಯಿಂದ ಕರಗಿಸಬೇಕು. ಹೇರ್ ಡ್ರೈಯರ್ ಸಾಲದು, ಗಾಳಿಗೆ ಪುಡಿ ಹಾರುತ್ತದೆ, ಬಿಸಿಯೂ ಕಮ್ಮಿ. ತುಂಬ ಬಿಸಿ ಗಾಳಿ ಊದುವ ಹೀಟ್ ಗನ್ ಇಲ್ಲದಿದ್ದರೆ ಕಾಗದದ ಬೆನ್ನನ್ನು ಬಿಸಿ ಇಸ್ತ್ರಿಪೆಟ್ಟಿಗೆಯ ತಳದ ಹತ್ತಿರ ಹಿಡಿಯಿರಿ. ಮಂಕಾಗಿದ್ದ ಪುಡಿ ಒಂದು ತುದಿಯಿಂದ ಕರಗುತ್ತಾ ಬಂದು ಹೊಳೆಯುವ ಉಬ್ಬು ಗೆರೆಯಾಗುತ್ತದೆ. ಅದನ್ನು ನೋಡುವ ಖುಷಿಯೇ ಬೇರೆ. ಮಕ್ಕಳ ಕೈಗೆ ಮಾತ್ರ ಈ ಕೆಲಸ ಕೊಡಬೇಡಿ. ಆ ಉಬ್ಬು ಗೆರೆ ವಾಟರ್ ಕಲರಿಗೆ ಒಡ್ಡಿನ ಹಾಗೆ ನಿಲ್ಲುತ್ತದೆ, ಬಣ್ಣ ಆಚೆ ದಾಟುವುದು ಕಷ್ಟ.

ಹಳೇ ನೇರಳೆ ಪ್ಯಾಡ್ ಎಸೆಯಬೇಡಿ. ಅದರಲ್ಲಿ ಶಂಖಪುಷ್ಪದಂಥ ಹೂವು ಒತ್ತಿ. ಬೇರೆ ಬಣ್ಣ ಏನೂ ಬೇಡ. ಬರೀ ನೀರಲ್ಲಿ ಅದ್ದಿದ ಬ್ರಷ್ಷಿನಿಂದ ಗೆರೆಯ ಬಣ್ಣವನ್ನು ಎಸಳಿನ ಒಳಕ್ಕೆ ಎಳೆಯಿರಿ. ಅಂಚಿನಲ್ಲಿ ಗಾಢ, ನಡುವೆ ತಿಳಿ, ಹೂವು ತಾನಾಗೇ ತುಂಬಿಕೊಳ್ಳುತ್ತದೆ.