ಲಿಥಿಯಂ ಹಾಕಿಸುವ ಮೊದಲು ಪೆಟ್ಟಿಗೆ ಮುಟ್ಟಿ ನೋಡಿ

ನಮ್ಮ ಗಂಗಾವತಿ ಕಡೆ ಕ್ಯಾಂಪ್ ಅಂದರೆ ಊರು. ತುಂಗಭದ್ರಾ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಇಲ್ಲಿ ಹೊಲದ ಪಕ್ಕದಲ್ಲೇ ಮನೆ ಕಟ್ಟಿಕೊಂಡರು, ಅವಕ್ಕೆಲ್ಲ ಕ್ಯಾಂಪ್ ಅಂತಲೇ ಹೆಸರು ನಿಂತಿತು. ಹಾಗಾಗಿ ಒಬ್ಬರು ಫೋನ್ ಮಾಡಿ "ಕ್ಯಾಂಪಿಂಗ್ ಟ್ರೇಲರ್‌ಗೆ ಬ್ಯಾಟರಿ ಹಾಕ್ತೀರಾ?" ಅಂದಾಗ ನಾನು "ಯಾವ ಕ್ಯಾಂಪ್ರಿ?" ಅಂತ ಕೇಳಿದ್ದೆ. ಟ್ರ್ಯಾಕ್ಟರ್, ಭತ್ತ ಕೊಯ್ಯೋ ಮಷಿನ್, ಮನೆಯ ಇನ್ವರ್ಟರ್ ಇವೇ ನನ್ನ ದಿನದ ಕೆಲಸ. ಆಮೇಲೆ ಸಾಣಾಪುರ, ಆನೆಗೊಂದಿ ಕಡೆ ಗಾಡಿಯಲ್ಲೇ ಮಲಗೋಕೆ ಬರುವವರೂ ಅಂಗಡಿ ಮುಂದೆ ನಿಲ್ಲತೊಡಗಿದರು.

ಹೋದ ಬೇಸಿಗೆಯಲ್ಲಿ ರಾಯಚೂರಿನ ರಿಟೈರ್ಡ್ ಮಾಸ್ತರ್ ಒಬ್ಬರು ಬಂದಿದ್ದರು. ಜೀಪಿನ ಹಿಂದೆ ಚಿಕ್ಕ ಟ್ರೇಲರ್. ಒಳಗೆ ಹಾಸಿಗೆ, ಪುಟ್ಟ ಫ್ರಿಜ್, ಎರಡು ಫ್ಯಾನ್. 150 ಎಎಚ್ (ಆಂಪಿಯರ್ ಅವರ್) ಟ್ಯೂಬ್ಯುಲರ್, ಅಂದರೆ ಸೀಸದ ಬ್ಯಾಟರಿ ಹಾಕಿಸಿ ಇನ್ನೂ ವರ್ಷ ತುಂಬಿರಲಿಲ್ಲ.

"ತಮ್ಮಾ, ರಾತ್ರಿ ಎರಡಕ್ಕ ಕೈ ಕೊಡ್ತದ. ಇದನ್ನ ತೆಗೆದು ದೊಡ್ಡ ಲಿಥಿಯಂ ಹಾಕು."

ಹತ್ತರಲ್ಲಿ ಎಂಟು ಜನ ಹೀಗೇ ಹೇಳುತ್ತಾರೆ. ಬ್ಯಾಟರಿ ಕೈ ಕೊಟ್ಟರೆ ಇನ್ನೂ ದೊಡ್ಡದು ಬೇಕು ಅಂತ. ನಾನು ಮೊದಲು ಬ್ಯಾಟರಿ ಪೆಟ್ಟಿಗೆ ಮೇಲೆ ಕೈ ಇಟ್ಟೆ, ಇಟ್ಟಷ್ಟೇ ಬೇಗ ತೆಗೆದೆ. ಎತ್ತಿನ ಗಾಡಿಗೆ ಮೂಕಿ ಇರುತ್ತಲ್ಲ, ಆ ಜಾಗದಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ, ಕಪ್ಪು ಬಣ್ಣ, ಇಡೀ ದಿನ ಬಿಸಿಲು. ಒಳಗೆ ಥರ್ಮಾಮೀಟರ್ ಬಿಟ್ಟು ನೋಡಿದರೆ ಮಧ್ಯಾಹ್ನ ಮೂರಕ್ಕೆ 57 ಡಿಗ್ರಿ. ಸೀಸದ ಬ್ಯಾಟರಿ ಆಯಸ್ಸಿನ ಲೆಕ್ಕ ಹಾಕುವುದು 25 ಡಿಗ್ರಿಗೆ. ಅದರ ಮೇಲೆ ಸುಮಾರು ಹತ್ತು ಡಿಗ್ರಿ ಏರಿದಂತೆಲ್ಲ ಆಯಸ್ಸು ಅರ್ಧ ಆಗುತ್ತಾ ಹೋಗುತ್ತದೆ. ಮುಚ್ಚಳ ಬಿಚ್ಚಿ ನೋಡಿದರೆ ಪ್ಲೇಟು ಮುಳುಗುವಷ್ಟು ನೀರೂ ಇರಲಿಲ್ಲ. ಡಿಸ್ಟಿಲ್ಡ್ ವಾಟರ್ ಹಾಕಿದ್ದು ಯಾವಾಗ ಅಂತ ಕೇಳಿದೆ, ಮಾಸ್ತರ್ ಮನೆಯವರ ಮುಖ ನೋಡಿದರು, ಅವರು ಮಾಸ್ತರ್ ಮುಖ ನೋಡಿದರು.

ಆಮೇಲೆ ಲೆಕ್ಕಕ್ಕೆ ಕೂತೆವು. ಇದನ್ನು ನೀವೇ ಮನೆಯಲ್ಲಿ ಮಾಡಬಹುದು, ಒಂದು ಬಿಳಿ ಹಾಳೆ ಸಾಕು. ಫ್ರಿಜ್ 45 ವ್ಯಾಟ್. ಚಳಿಗಾಲದಲ್ಲಿ ಅದು ಅರ್ಧ ಹೊತ್ತು ಓಡಿದರೆ ಮೇ ತಿಂಗಳಲ್ಲಿ ಮುಕ್ಕಾಲು ಹೊತ್ತು ಓಡುತ್ತದೆ, ದಿನಕ್ಕೆ ಅಂದಾಜು 800 ವ್ಯಾಟ್ ಅವರ್ (ವ್ಯಾಟನ್ನು ಗಂಟೆಯಿಂದ ಗುಣಿಸಿದ್ದು). ಕರೆಂಟ್ ಕಡಿಮೆ ತಿನ್ನುವ ಬಿಎಲ್‌ಡಿಸಿ ಫ್ಯಾನ್ ಒಂದಕ್ಕೆ 28 ವ್ಯಾಟ್, ಎರಡು ಫ್ಯಾನ್ ಹತ್ತು ಗಂಟೆ ತಿರುಗಿದರೆ 560. ಲೈಟಿಗೆ 100, ಫೋನು ಲ್ಯಾಪ್‌ಟಾಪಿಗೆ 150, ನೀರಿನ ಪಂಪಿಗೆ 30. ಒಟ್ಟು ಸುಮಾರು 1600. ಅವರ ಬ್ಯಾಟರಿ ಸ್ಟಿಕ್ಕರ್ ಪ್ರಕಾರ 12 ವೋಲ್ಟ್, 150 ಎಎಚ್, ಅಂದರೆ 1800. ಆದರೆ ಸೀಸದ ಬ್ಯಾಟರಿಯನ್ನು ದಿನಾ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದು ಬೇಗ ಕೂತುಬಿಡುತ್ತದೆ, ಹಾಗಾಗಿ ನೆಮ್ಮದಿಯಿಂದ ಬಳಸಬಹುದಾದದ್ದು 900. ಬಿಸಿಗೆ ಸೊರಗಿದ ಮೇಲೆ ಅದೂ ಇರಲಿಲ್ಲ. ರಾತ್ರಿ ಎರಡರವರೆಗೆ ನಡೆದದ್ದೇ ಹೆಚ್ಚು.

ಹಾಗಾದರೆ ಲಿಥಿಯಂ ಬೇಡ್ವಾ? ಬೇಕು, ಇವರಿಗಂತೂ ಬೇಕು. ಆದರೆ ಲಿಥಿಯಂನಲ್ಲೂ ಜಾತಿ ಇವೆ. ಟ್ರೇಲರ್‌ಗೆ ಬೇಕಾದದ್ದು ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಯಲ್ಲಿ ಎಲ್‌ಎಫ್‌ಪಿ ಅಂತಾರೆ. ಸ್ಕೂಟರಿನಿಂದ ಬಿಚ್ಚಿದ ಹಳೆ ಸೆಲ್ ಕಟ್ಟಿ ಅಗ್ಗಕ್ಕೆ ಕೊಡುವವರಿದ್ದಾರೆ, ತಲೆಯ ಕೆಳಗೆ ಇಟ್ಟು ಮಲಗುವ ವಸ್ತು ಅದಲ್ಲ. 100 ಎಎಚ್ ಎಲ್‌ಎಫ್‌ಪಿ ಅಂದರೆ 1280 ವ್ಯಾಟ್ ಅವರ್, ಅದರಲ್ಲಿ 80 ಪರ್ಸೆಂಟ್ ದಿನಾ ಬಳಸಿದರೂ ಅದು ಗೊಣಗುವುದಿಲ್ಲ. ತೂಕ ಹನ್ನೆರಡು ಕಿಲೋ ಆಸುಪಾಸು. ಟ್ಯೂಬ್ಯುಲರ್ ಎತ್ತಲು ಇಬ್ಬರು ಹುಡುಗರು ಬೇಕು.

ನನಗೆ ಅದರ ದೊಡ್ಡ ಗುಣ ಅನ್ನಿಸುವುದು ಮಾತ್ರ ಬೇರೆಯೇ. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಮಲಗುವ ಜಾಗದಲ್ಲಿ ಇಡುವ ಹಾಗಿಲ್ಲ, ಹೊರಗೇ ಇರಬೇಕು. ಎಲ್‌ಎಫ್‌ಪಿ ಹಾಗಲ್ಲ. ಅದನ್ನು ಒಳಗೆ, ಮಂಚದ ಕೆಳಗೆ, ನೆರಳಿನಲ್ಲಿ ಇಡಬಹುದು. ಬಳ್ಳಾರಿ, ಕೊಪ್ಪಳ, ರಾಯಚೂರಿನ ಬಿಸಿಲಿಗೆ ಇದೊಂದೇ ಕಾರಣ ಸಾಕು. ಹೊಸ ಲಿಥಿಯಂ ತಂದು ಮತ್ತೆ ಅದೇ ಕಬ್ಬಿಣದ ಪೆಟ್ಟಿಗೆಯೊಳಗೆ ಹಾಕುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಒಬ್ಬರು ಸಿಂಧನೂರಿನಿಂದ ಫೋನ್ ಮಾಡಿದ್ದರು. ಮಧ್ಯಾಹ್ನ ನೆತ್ತಿ ಸುಡೋ ಬಿಸಿಲಿದೆ, ಸೋಲಾರ್ ಪ್ಯಾನೆಲ್ ಸರಿ ಇದೆ, ಆದರೂ ಚಾರ್ಜ್ ಸೊನ್ನೆ, ಸಂಜೆ ಐದರ ಮೇಲೆ ತಾನೇ ಶುರು ಆಗುತ್ತದೆ ಅಂತ. ವೈರ್ ಎಲ್ಲ ಬಿಚ್ಚಿ ಕಟ್ಟಿದ್ದರಂತೆ ಪಾಪ. ಬ್ಯಾಟರಿಯೊಳಗೆ ಅದನ್ನು ಕಾಯುವ ಸರ್ಕ್ಯೂಟ್ ಇರುತ್ತದೆ, ಬಿಎಂಎಸ್ ಅಂತ, ಅದು ಬಿಸಿ ಜಾಸ್ತಿ ಆಯಿತು ಅಂತ ಚಾರ್ಜಿಂಗ್ ನಿಲ್ಲಿಸುತ್ತಿತ್ತು, ಅಷ್ಟೇ. ಅದು ಕೆಟ್ಟಿರಲಿಲ್ಲ, ತನ್ನ ಕೆಲಸ ಮಾಡುತ್ತಿತ್ತು. ಪೆಟ್ಟಿಗೆಯಿಂದ ಒಳಗೆ ತಂದ ಮೇಲೆ ತಕರಾರು ಬರಲಿಲ್ಲ.

ಇನ್ನು ಚಾರ್ಜಿಂಗ್. ಇಲ್ಲಿ ನನ್ನ ಸ್ವಂತ ಎಡವಟ್ಟು ಒಂದಿದೆ. ಮೊದಲ ಲಿಥಿಯಂ ಕೆಲಸ ಬಂದಾಗ ಹಳೆಯದಕ್ಕೆ ಇದ್ದ ರಿಲೇಯನ್ನೇ ಉಳಿಸಿ, ಗಾಡಿಯ ಡೈನಮೋದಿಂದ ನೇರವಾಗಿ ವೈರ್ ಎಳೆದು ಕೊಟ್ಟಿದ್ದೆ. ಸೀಸದ ಬ್ಯಾಟರಿ ತುಂಬುತ್ತಾ ಬಂದಂತೆ ಕರೆಂಟ್ ಎಳೆಯುವುದನ್ನು ತಾನೇ ಕಡಿಮೆ ಮಾಡುತ್ತದೆ. ಲಿಥಿಯಂ ಹಸಿದ ಎಮ್ಮೆ ಇದ್ದ ಹಾಗೆ, ಡೈನಮೋ ಎಷ್ಟು ಕೊಡುತ್ತದೋ ಅಷ್ಟನ್ನೂ ಕೊನೆಯವರೆಗೆ ಎಳೆಯುತ್ತದೆ. ಗಾಡಿ ಓಡುವಾಗ ಹೇಗೋ ನಡೆಯಿತು. ಕಾರಟಗಿ ಹತ್ತಿರ ಭತ್ತದ ಲಾರಿಗಳ ಹಿಂದೆ ಇಂಜಿನ್ ಚಾಲೂ ಇಟ್ಟು ಮುಕ್ಕಾಲು ಗಂಟೆ ನಿಂತರು ನೋಡಿ, ಡೈನಮೋದ ಫ್ಯಾನ್ ನಿಧಾನ, ಎಳೆತ ಪೂರ್ತಿ, ಕಾಯಿಲ್ ಸುಟ್ಟ ವಾಸನೆ. ದುಡ್ಡು ನಾನೇ ಕೊಟ್ಟೆ. ಅವತ್ತಿನಿಂದ ನಡುವೆ ಡಿಸಿ ಟು ಡಿಸಿ ಚಾರ್ಜರ್ ಇಲ್ಲದೆ ಲಿಥಿಯಂ ಕೆಲಸ ಹಿಡಿಯುವುದಿಲ್ಲ. 30 ಆಂಪಿಯರ್‌ನದು ಸಾಕು. ಅದು ಎಳೆತಕ್ಕೆ ಮಿತಿ ಹಾಕುತ್ತದೆ, ವೋಲ್ಟೇಜನ್ನೂ ಸರಿಯಾಗಿ ಕೊಡುತ್ತದೆ.

ಹಳೆಯ ಸೋಲಾರ್ ಕಂಟ್ರೋಲರ್ ಉಳಿಸಿಕೊಳ್ಳುವುದಾದರೆ ಅದರಲ್ಲಿ ಲಿಥಿಯಂ ಸೆಟ್ಟಿಂಗ್ ಇದೆಯಾ ನೋಡಿ. ಚಾರ್ಜಿಂಗ್ ವೋಲ್ಟೇಜ್ 14.2ರಿಂದ 14.6 ಒಳಗೆ ನಿಲ್ಲಬೇಕು. ಸೀಸದ ಬ್ಯಾಟರಿಗೆ ಆಗಾಗ 15ರ ಮೇಲೆ ಏರಿಸುವ ಈಕ್ವಲೈಸ್ ಅನ್ನೋದು ಇರುತ್ತದೆ, ಅದನ್ನು ಆಫ್ ಮಾಡಲೇಬೇಕು. ಪ್ಯಾನೆಲ್ ಮೇಲೆ 400 ವ್ಯಾಟ್ ಬರೆದಿದ್ದರೆ ನಮ್ಮ ಕಡೆ ದಿನಕ್ಕೆ ಐದು ಗಂಟೆ ಒಳ್ಳೆ ಬಿಸಿಲು ಹಿಡಿದು, ಬಿಸಿ, ಧೂಳು ಎಲ್ಲ ಕಳೆದು 1400 ವ್ಯಾಟ್ ಅವರ್ ಸಿಕ್ಕರೆ ಸಂತೋಷಪಡಿ. ಪ್ಯಾನೆಲ್‌ಗೂ ಬಿಸಿ ಒಗ್ಗುವುದಿಲ್ಲ, ರೂಫಿಗೆ ಅಂಟಿಸಬೇಡಿ, ಕೆಳಗೆ ಗಾಳಿ ಆಡಲು ನಾಲ್ಕು ಬೆರಳು ಜಾಗ ಬಿಡಿ.

ವೈರ್ ಬಗ್ಗೆ ಎರಡೇ ಮಾತು. ಮನೆಯಲ್ಲಿ 1000 ವ್ಯಾಟ್ ಅಂದರೆ ನಾಲ್ಕೈದು ಆಂಪಿಯರ್, 12 ವೋಲ್ಟ್ ಇನ್ವರ್ಟರ್‌ನಲ್ಲಿ ಅದೇ 1000 ವ್ಯಾಟಿಗೆ 90 ದಾಟುತ್ತದೆ. ಮನೆ ವೈರಿಂಗಿನ 2.5 ಎಂಎಂ ವೈರ್ ಹಾಕಿದರೆ ಅದೇ ಒಲೆ ಆಗುತ್ತದೆ. 35 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್, ಅದರ ತುದಿಗೆ ಒತ್ತಿ ಕೂರಿಸಿದ ಲಗ್, ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್.

ವೋಲ್ಟ್ ಮೀಟರ್ ನೋಡಿ ಎಷ್ಟು ಉಳಿದಿದೆ ಅನ್ನೋ ಅಭ್ಯಾಸವನ್ನೂ ಬಿಡಬೇಕಾಗುತ್ತದೆ. ಸೀಸದ್ದು ಸುಮ್ನೆ ಇದ್ದಾಗ 12.7 ತೋರಿಸಿದರೆ ತುಂಬಿದೆ, 12.2 ಅಂದರೆ ಅರ್ಧ. ಎಲ್‌ಎಫ್‌ಪಿ ಮುಕ್ಕಾಲು ಇದ್ದರೂ ಅರ್ಧ ಇದ್ದರೂ 13.2ರ ಆಚೀಚೆಯೇ ಇರುತ್ತದೆ, ಕೊನೆಗೆ ಏಕಾಏಕಿ ಬೀಳುತ್ತದೆ. ಒಳಗೆ ಹೋದದ್ದು, ಹೊರಗೆ ಬಂದದ್ದು ಎರಡನ್ನೂ ಎಣಿಸುವ ಶಂಟ್ ಮೀಟರ್ ಹಾಕಿಸಿ. ಇನ್ನೊಂದು, ಬೇಸಿಗೆಯಲ್ಲಿ ಟ್ರೇಲರ್ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವುದಾದರೆ ಫುಲ್ ಚಾರ್ಜ್ ಮಾಡಿ ಬಿಡಬೇಡಿ, ಅರ್ಧ ಇಟ್ಟು ಟರ್ಮಿನಲ್ ಬಿಚ್ಚಿ.

ಮಾಸ್ತರ್‌ಗೆ ಕೊನೆಗೆ ಹಾಕಿದ್ದು 200 ಎಎಚ್ ಎಲ್‌ಎಫ್‌ಪಿ. ಅವರು ಕೇಳಿದ್ದು 300. ಹಗಲಿನ ಫ್ರಿಜ್ಜನ್ನು ಪ್ಯಾನೆಲ್ಲೇ ನೋಡಿಕೊಳ್ಳುತ್ತದೆ, ರಾತ್ರಿಗೆ 1200 ಸಾಕು, ಮೋಡದ ದಿನಕ್ಕೂ ಒಂದಿಷ್ಟು ಉಳಿಯುತ್ತದೆ. ಉಳಿದ ದುಡ್ಡಿನಲ್ಲಿ ಚಾರ್ಜರ್, ಕೇಬಲ್ ಬಂತು.

ಎಲ್ಲ ಮುಗಿದು ಚಹಾ ಕುಡಿಯುವಾಗ ಅವರ ಮನೆಯವರು ಕೇಳಿದರು, "ಇದರ ಮ್ಯಾಲೆ ಎಸಿ ನಡೀತದೇನ್ರಿ?" ಒಂದು ಟನ್ ಎಸಿ ಎಂಟು ಗಂಟೆ ಓಡಿದರೆ ಆರು ಸಾವಿರ ವ್ಯಾಟ್ ಅವರ್ ಹತ್ತಿರ, ಇಂಥವೇ ಮೂರು ಬ್ಯಾಟರಿ ಅದಕ್ಕೇ ಹೋಗುತ್ತವೆ, ಅವನ್ನು ತುಂಬಿಸುವಷ್ಟು ಪ್ಯಾನೆಲ್‌ಗೆ ರೂಫ್ ಸಾಲುವುದಿಲ್ಲ ಅಂದೆ. ನಮ್ಮದು ಒಣ ಬಿಸಿಲು, ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, 12 ವೋಲ್ಟಿನದು 80 ವ್ಯಾಟ್ ಒಳಗೇ ಸಿಗುತ್ತದೆ, ಆದರೆ ನೀರು ಕುಡಿಯುತ್ತದೆ. ಈಗ ಟ್ರೇಲರ್‌ನ ನೀರಿನ ಟ್ಯಾಂಕ್ ದೊಡ್ಡದು ಮಾಡಿಸಬೇಕಂತೆ. ಅದಕ್ಕೆ ಪಕ್ಕದ ವೆಲ್ಡಿಂಗ್ ಅಂಗಡಿ ತೋರಿಸಿದ್ದೇನೆ.