ಜೇನು-ಸೋಯಾ ಹಚ್ಚಿದ ಮೀನು ಹೊರಗೆ ಸೀದು, ಒಳಗೆ ಹಸಿ ಉಳಿಯುವುದು ಯಾಕೆ?

ಓದುಗರ ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಮನೆ ಸೇರುವಾಗ ರಾತ್ರಿ ಏಳೂವರೆ ಆಗಿರುತ್ತದೆ. ಮಸಾಲೆ ರುಬ್ಬುವಷ್ಟು ಪುರುಸೊತ್ತಿಲ್ಲ ಅಂತ ಜೇನುತುಪ್ಪ, ಸೋಯಾ ಸಾಸ್, ಬೆಳ್ಳುಳ್ಳಿ ಕಲಸಿ ಮೀನಿಗೆ ಹಚ್ಚಿ ಹುರಿಯುತ್ತೇವೆ. ಪ್ರತಿ ಸಲ ಹೊರಗೆ ಸೀದುಹೋಗುತ್ತದೆ, ಮುಳ್ಳಿನ ಹತ್ತಿರ ಹಸಿ ಇರುತ್ತದೆ. ಹೋಟೆಲಿನಲ್ಲಿ ಬರುವ ಹಾಗೆ ಹೊಳೆಯುವ ಗ್ಲೇಜ್ ಮನೆಯಲ್ಲಿ ಬರುವುದೇ ಇಲ್ವಾ?

ಉತ್ತರ: ಖಂಡಿತ ಬರುತ್ತದೆ, ಅದೂ 25 ನಿಮಿಷದೊಳಗೆ. ನೀವು ಹಾಕುತ್ತಿರುವ ಸಾಮಾನು ಸರಿಯಾಗಿಯೇ ಇದೆ. ಹಾಕುವ ಹೊತ್ತು ಮಾತ್ರ ತಪ್ಪಿದೆ. ಸಿಹಿ ಇರುವ ಯಾವುದನ್ನೂ ಹಸಿ ಮೀನಿಗೆ ಹಚ್ಚಬೇಡಿ. ಮೀನು ಮೊದಲು ಬೇಯಲಿ, ಸಿಹಿ ಕೊನೆಯ ಒಂದೂವರೆ ನಿಮಿಷಕ್ಕೆ ಬರಲಿ.

ಯಾಕೆ ಅಂತ ನೋಡೋಣ. ಮೀನು ಹುರಿಯುವ ಬಾಣಲೆಯ ತಳ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಜೇನುತುಪ್ಪದಲ್ಲಿ ಫ್ರಕ್ಟೋಸ್ ಎಂಬ ಸಕ್ಕರೆ ಜಾಸ್ತಿ. ಅದು 110 ಡಿಗ್ರಿಯ ಆಸುಪಾಸಿನಲ್ಲೇ ಬಣ್ಣ ತಿರುಗಲು ಶುರುಮಾಡುತ್ತದೆ. ನಾವು ಕಾಫಿಗೆ ಹಾಕುವ ಸಕ್ಕರೆಗಾದರೆ 160 ಡಿಗ್ರಿ ಬೇಕು. ಇತ್ತ ಮೀನಿನ ಒಳಭಾಗ 63 ಡಿಗ್ರಿ ಮುಟ್ಟಿದರೆ ಸಾಕು, ಬೆಂದ ಹಾಗೆಯೇ. ಆದರೆ ಹೆಬ್ಬೆರಳಿನಷ್ಟು ದಪ್ಪದ ತುಂಡಿನ ನಡುವಿಗೆ ಆ ಬಿಸಿ ತಲುಪಲು ಆರೇಳು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ಜೇನು ಬಾಣಲೆಯ ತಳದಲ್ಲಿ ಕಾಯುತ್ತಾ ಕೂರುವುದಿಲ್ಲ, ಎರಡೇ ನಿಮಿಷದಲ್ಲಿ ಕಪ್ಪಾಗುತ್ತದೆ. ಕಪ್ಪಾಯಿತು ಅಂತ ನೀವು ಗಾಬರಿಯಿಂದ ಒಲೆ ಆರಿಸುತ್ತೀರಿ, ಒಳಗೆ ಹಸಿ ಉಳಿಯುತ್ತದೆ.

ಇನ್ನೊಂದು ವಿಷಯ ಗೊತ್ತಿದ್ದರೆ ಗ್ಲೇಜ್ ಮಾಡಲು ಹೆದರಿಕೆಯೇ ಇರುವುದಿಲ್ಲ. ಸಾಸಿನಲ್ಲಿ ನೀರಿನ ಅಂಶ ಇರುವ ತನಕ ಅದು 100 ಡಿಗ್ರಿಗಿಂತ ಹೆಚ್ಚೇನೂ ಏರುವುದಿಲ್ಲ. ಕೆಳಗೆ ಉರಿ ಎಷ್ಟೇ ಇರಲಿ, ಆ ಬಿಸಿಯೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ನೀರು ಇಂಗಿದ ಮೇಲೆಯೇ ಸಕ್ಕರೆ ಸೀಯುವುದು. ಹಾಗಾಗಿ ಸಾಸನ್ನು ತೆಳ್ಳಗೆ ಮಾಡಿ ಸುರಿಯಬೇಕು, ಕುದಿಸಿ ಇಂಗಿಸಬೇಕು, ಪೂರ್ತಿ ಇಂಗುವ ಸ್ವಲ್ಪ ಮೊದಲೇ ಒಲೆ ಆರಿಸಬೇಕು. ಸಿಹಿ ತಿಂಡಿ ಮಾಡುವವರಿಗೆ ಇದು ಹೊಸದೇನಲ್ಲ. ಜಾಮೂನಿಗೆ ಮಾಡುವ ಅಂಟು ಪಾಕ ಇದೆಯಲ್ಲ, ಬೆರಳಿಗೆ ಜಿಗಿ ಹತ್ತುತ್ತದೆ, ಆದರೆ ಎಳೆ ಬಂದಿರುವುದಿಲ್ಲ. ನಮ್ಮ ಗ್ಲೇಜ್ ನಿಲ್ಲಬೇಕಾದದ್ದು ಅಲ್ಲೇ. ಒಂದೆಳೆ ಪಾಕ ಬಂತೆಂದರೆ ತಟ್ಟೆಗೆ ಬಂದು ಆರುವಷ್ಟರಲ್ಲಿ ಹಲ್ಲಿಗೆ ಅಂಟುತ್ತದೆ.

ಜಪಾನಿನವರ ತೆರಿಯಾಕಿ ಇದೇ ಕ್ರಮದಲ್ಲಿ ನಡೆಯುತ್ತದೆ. ಅಲ್ಲಿನ ಮನೆಗಳಲ್ಲಿ ಚಳಿಗಾಲದಲ್ಲಿ ಬುರಿ ಎಂಬ ಕೊಬ್ಬಿನ ಮೀನನ್ನು ಹೀಗೆ ಮಾಡುತ್ತಾರೆ. ಮೀನಿಗೆ ತೆಳ್ಳಗೆ ಹಿಟ್ಟು ಸವರಿ ಬಾಣಲೆಯಲ್ಲಿ ಎರಡೂ ಕಡೆ ಬೇಯಿಸುತ್ತಾರೆ. ಬಾಣಲೆಯಲ್ಲಿ ಬಿಟ್ಟ ಎಣ್ಣೆಯನ್ನು ಕಾಗದದಿಂದ ಒರೆಸಿ ತೆಗೆಯುತ್ತಾರೆ. ಆಮೇಲೆ ಸೋಯಾ ಸಾಸ್, ಸಕ್ಕರೆ, ಮಿರಿನ್ ಎಂಬ ಸಿಹಿ ಅಕ್ಕಿ ಮದ್ಯ, ‘ಸಾಕೆ’ ಎಂಬ ಇನ್ನೊಂದು ಅಕ್ಕಿ ಮದ್ಯ ಸೇರಿದ ನೀರಾದ ಸಾಸ್ ಸುರಿದು ಇಂಗಿಸುತ್ತಾರೆ. ಆ ಎಣ್ಣೆ ಒರೆಸುವ ಕೆಲಸವನ್ನು ದಯವಿಟ್ಟು ಬಿಡಬೇಡಿ. ಎಣ್ಣೆ ಮೆತ್ತಿದ ಮೀನಿನ ಮೇಲೆ ಸಾಸ್ ನಿಲ್ಲದೆ ಜಾರಿ ಹೋಗುತ್ತದೆ. ಗ್ಲೇಜ್ ಹಿಡಿಯಲೇ ಇಲ್ಲ ಅನ್ನುವ ಎಷ್ಟೋ ಜನರ ದೂರಿಗೆ ಕಾರಣ ಇದೇ.

ಈಗ ನಿಮ್ಮ ಅಡುಗೆಮನೆಗೆ ಬರೋಣ. ಮನೆಗೆ ಬಂದ ಕೂಡಲೇ ಮೊದಲು ಅಕ್ಕಿ ತೊಳೆದು ಕುಕ್ಕರ್ ಇಡಿ. ಸೋನಾ ಮಸೂರಿ ಆಗಬಹುದು, ಕರಾವಳಿಯವರಾದರೆ ಬೆಳ್ತಿಗೆ ಅನ್ನ ಇಂದಿಗೆ ಸಾಕು. ಕುಚ್ಚಲಕ್ಕಿ ಬೇಯುವಷ್ಟರಲ್ಲಿ ಮೀನು ಮೂರು ಸಲ ತಣಿದಿರುತ್ತದೆ. ಇಬ್ಬರಿಗೆ 400 ಗ್ರಾಂ ಅಂಜಲ್ ಸ್ಲೈಸ್ ತೊಳೆದು, ಅಡುಗೆಮನೆಯ ಟಿಶ್ಯೂ ಅಥವಾ ಶುದ್ಧ ಬಟ್ಟೆಯಿಂದ ಎರಡೂ ಕಡೆ ಒತ್ತಿ ಒತ್ತಿ ಒರೆಸಿ. ಒದ್ದೆ ಮೀನು ಹುರಿಯುವುದಿಲ್ಲ, ಬರೀ ಬೇಯುತ್ತದೆ, ತಳಕ್ಕೂ ಅಂಟುತ್ತದೆ. ಚಿಟಿಕೆ ಉಪ್ಪು, ಸ್ವಲ್ಪ ಕಾಳುಮೆಣಸಿನ ಪುಡಿ ಹಚ್ಚಿ. ಸೋಯಾ ಸಾಸಿನಲ್ಲೇ ಉಪ್ಪು ಧಾರಾಳ ಇದೆ, ಅದು ಇಂಗಿದಾಗ ಇನ್ನೂ ಗಾಢವಾಗುತ್ತದೆ. ಆಮೇಲೆ ಅಕ್ಕಿ ಹಿಟ್ಟು ಇಲ್ಲವೇ ಕಾರ್ನ್ ಫ್ಲೋರ್ ಒಂದು ಚಮಚ ತೆಳುವಾಗಿ ಉದುರಿಸಿ, ಜಾಸ್ತಿಯಾದದ್ದನ್ನು ತಟ್ಟಿ ಉದುರಿಸಿಬಿಡಿ. ಈ ಹಿಟ್ಟೇ ಆಮೇಲೆ ಸಾಸನ್ನು ಹಿಡಿದುಕೊಳ್ಳುವುದು. ರವೆ ಬೇಡ. ರವಾ ಫ್ರೈ ನನಗೂ ಪ್ರಾಣ, ಆದರೆ ಸಾಸ್ ಬಿದ್ದ ತಕ್ಷಣ ರವೆ ಮೆತ್ತಗಾಗಿ ಉಪ್ಪಿಟ್ಟಿನ ಹಾಗಾಗುತ್ತದೆ.

ಒಂದು ಬಟ್ಟಲಿನಲ್ಲಿ ಸೋಯಾ ಸಾಸ್ ಎರಡು ದೊಡ್ಡ ಚಮಚ, ಬೆಲ್ಲದ ಪುಡಿ ಒಂದೂವರೆ ದೊಡ್ಡ ಚಮಚ, ಹುಣಸೆ ರಸ ಒಂದು ಸಣ್ಣ ಚಮಚ, ಜಜ್ಜಿದ ಬೆಳ್ಳುಳ್ಳಿ ನಾಲ್ಕು ಎಸಳು, ತುರಿದ ಶುಂಠಿ ಸ್ವಲ್ಪ, ನೀರು ನಾಲ್ಕು ದೊಡ್ಡ ಚಮಚ ಕಲಸಿಡಿ. ಜೇನಿನ ಬದಲು ಬೆಲ್ಲ ಹೇಳುತ್ತಿರುವುದಕ್ಕೆ ಕಾರಣ ಇದೆ. ಬೆಲ್ಲ ಜೇನಿನಷ್ಟು ಬೇಗ ಸೀಯುವುದಿಲ್ಲ, ಹುಣಸೆಯ ಜೊತೆ ಅದರ ಹೊಂದಾಣಿಕೆಯನ್ನು ನಾವು ಗೊಜ್ಜಿನಲ್ಲಿ ಎಷ್ಟು ಸಲ ಉಂಡಿಲ್ಲ! ಜೇನೇ ಬೇಕು ಅಂದರೆ ಅದೇ ಅಳತೆಯಲ್ಲಿ ಹಾಕಿ, ಉರಿ ಮಾತ್ರ ಸಣ್ಣದಿರಲಿ.

ಅಗಲ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ ಮೀನು ಇಡಿ. ಮಧ್ಯಮ ಉರಿ. ಇಟ್ಟ ಮೇಲೆ ಕೆದಕಬೇಡಿ. ಮೂರೂವರೆ ನಿಮಿಷಕ್ಕೆ ತಾನಾಗಿಯೇ ತಳ ಬಿಡುತ್ತದೆ. ಬಿಡದಿದ್ದರೆ ಇನ್ನೂ ಅರ್ಧ ನಿಮಿಷ ಕಾಯಿರಿ, ಜಗ್ಗಬೇಡಿ. ತಿರುವಿ ಹಾಕಿ ಇನ್ನು ಮೂರು ನಿಮಿಷ. ನಡುಮುಳ್ಳಿನ ಪಕ್ಕ ಚಾಕುವಿನ ತುದಿ ಇಳಿಸಿ ನೋಡಿ. ಗಾಜಿನಂತೆ ತಿಳಿಯಾಗಿದ್ದ ಮಾಂಸ ಬೆಳ್ಳಗಾಗಿ ಪದರ ಬಿಡುತ್ತಿದ್ದರೆ ಬೆಂದಿದೆ. ಉರಿ ಸಣ್ಣ ಮಾಡಿ, ಎಣ್ಣೆಯನ್ನು ಟಿಶ್ಯೂವಿಗೆ ಹೀರಿಸಿ ತೆಗೆಯಿರಿ. ಇಕ್ಕಳದಲ್ಲಿ ಹಿಡಿದು ಒರೆಸಿದರೆ ಕೈ ಸುಡುವುದಿಲ್ಲ.

ಈಗ ಸಾಸ್ ಸುರಿಯಿರಿ. ಇಲ್ಲಿಂದ ಮುಂದಿನ ಒಂದೂವರೆ ನಿಮಿಷ ಫೋನ್ ಬಂದರೂ ಎತ್ತಬೇಡಿ. ಮೊದಲು ಸಣ್ಣ ಸಣ್ಣ ಗುಳ್ಳೆಗಳು ನೊರೆಯಂತೆ ಏಳುತ್ತವೆ, ಜೋರಾಗಿ ಸದ್ದು ಮಾಡುತ್ತವೆ. ಚಮಚದಿಂದ ಸಾಸನ್ನು ಮೊಗೆದು ಮೀನಿನ ಮೇಲೆ ಹೊಯ್ಯುತ್ತಾ ಇರಿ. ಸ್ವಲ್ಪ ಹೊತ್ತಿಗೆ ಸದ್ದು ತಗ್ಗುತ್ತದೆ, ಗುಳ್ಳೆಗಳು ದೊಡ್ಡದಾಗಿ, ನಿಧಾನವಾಗಿ, ಹೊಳೆಯುತ್ತಾ ಒಡೆಯತೊಡಗುತ್ತವೆ. ಬಾಣಲೆಯನ್ನು ಓರೆ ಮಾಡಿ ಚಮಚದಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಒಂದು ಕ್ಷಣ ನಿಂತು ಮುಚ್ಚಿಕೊಂಡರೆ ಆಯಿತು, ಒಲೆ ಆರಿಸಿ. ಬಾಣಲೆಯ ಬಿಸಿಗೆ ಅದು ಇನ್ನೂ ತುಸು ಗಟ್ಟಿಯಾಗುತ್ತದೆ. ಅಕಸ್ಮಾತ್ ಜಾಸ್ತಿ ಗಟ್ಟಿಯಾದರೆ ಎರಡು ಚಮಚ ಬಿಸಿನೀರು ಹಾಕಿ ಅಲ್ಲಾಡಿಸಿ, ಮತ್ತೆ ಸರಿಯಾಗುತ್ತದೆ. ನಿಂಬೆರಸ ಹಿಂಡುವುದಿದ್ದರೆ ಈಗ, ಒಲೆ ಆರಿದ ಮೇಲೆ.

ಕಬ್ಬಿಣದ ಕಾವಲಿಯಲ್ಲಿ ಮೀನು ಹುರಿಯುವ ಮನೆಗಳಿಗೆ ಒಂದು ಮಾತು. ಹುರಿಯಲು ಅದಕ್ಕಿಂತ ಒಳ್ಳೆಯ ಪಾತ್ರೆ ಇಲ್ಲ. ಆದರೆ ಹುಣಸೆಹುಳಿ ಅದರ ಮೇಲೆ ಕುದಿಸಿದರೆ ಪಳಗಿದ ಪದರ ಎದ್ದುಹೋಗುತ್ತದೆ, ಸಾಸಿಗೂ ಕಬ್ಬಿಣದ ರುಚಿ ಬರುತ್ತದೆ. ಸಾಸನ್ನು ಪಕ್ಕದ ಒಲೆಯಲ್ಲಿ ಸ್ಟೀಲ್ ಪಾತ್ರೆಯಲ್ಲಿ ಇಂಗಿಸಿ, ಹುರಿದ ಮೀನಿನ ಮೇಲೆ ಹೊಯ್ಯಿರಿ.

ಯಾವ ಮೀನು ಅಂತ ಕೇಳಿದರೆ ನನ್ನ ಮೊದಲ ಆಯ್ಕೆ ಅಂಜಲ್. ಮಾಂಸ ಗಟ್ಟಿ, ನಡುವೆ ಒಂದು ಮುಳ್ಳು, ಮಕ್ಕಳಿಗೂ ಬಿಡಿಸಿಕೊಡಲು ಸುಲಭ. ಕಡಿಮೆ ಖರ್ಚಿನಲ್ಲಿ ಆಗಬೇಕಾದರೆ ಬಂಗುಡೆಯನ್ನು ಸೀಳಿಸಿ ಮುಳ್ಳು ತೆಗೆಸಿಕೊಳ್ಳಿ. ಅದರ ಕೊಬ್ಬಿಗೆ ಸೋಯಾ-ಶುಂಠಿ ತುಂಬ ಚೆನ್ನಾಗಿ ಒಗ್ಗುತ್ತದೆ, ಜಪಾನಿನಲ್ಲೂ ಬಂಗುಡೆಯ ಜಾತಿಯ ಮೀನಿಗೆ ಇದೇ ಸಾಸ್ ಹಾಕುತ್ತಾರೆ. ಬಂಗುಡೆ ತಂದ ದಿನ ಫ್ರಿಜ್‌ನಿಂದ ಹೊರಗೆ ಜಾಸ್ತಿ ಹೊತ್ತು ಇಡಬೇಡಿ. ಬಿಸಿಯಲ್ಲಿ ಬಿಟ್ಟರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ, ತಿಂದವರಿಗೆ ಮೈ ಕೆಂಪಾಗಿ ತುರಿಸುತ್ತದೆ, ತಲೆನೋವು ಬರುತ್ತದೆ. ಬೆಂಗಳೂರಿನ ಸೂಪರ್ ಮಾರ್ಕೆಟ್ಟಿನ ಬಾಸಾ ಮೆತ್ತಗಿನ ಮೀನು, ಸಾಸಿನಲ್ಲಿ ತಿರುವುವಾಗ ಪುಡಿಯಾಗುತ್ತದೆ. ಹುರಿದು ತಟ್ಟೆಗೆ ತೆಗೆದಿಟ್ಟು, ಸಾಸನ್ನು ಮೇಲಿನಿಂದ ಹೊಯ್ಯುವುದೇ ಲೇಸು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಫ್ರೋಜನ್ ಮೀನೇ ಗತಿಯಾದರೆ ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ತಟ್ಟೆಗೆ ಇಳಿಸಿಡಿ.

ಹೊರದೇಶದಲ್ಲಿರುವವರು ಇದೇ ಪ್ರಶ್ನೆಯನ್ನು ಸಾಲ್ಮನ್ ಬಗ್ಗೆ ಕೇಳುತ್ತಾರೆ. ಓವನ್ ಆದರೂ, ಏರ್ ಫ್ರೈಯರ್ ಆದರೂ ಕ್ರಮ ಬದಲಾಗುವುದಿಲ್ಲ. 200 ಡಿಗ್ರಿಯಲ್ಲಿ ಸಾಧಾರಣ ದಪ್ಪದ ತುಂಡಿಗೆ ಸುಮಾರು 12 ನಿಮಿಷ ಬೇಕು. ಎಂಟು ನಿಮಿಷ ಬರೀ ಉಪ್ಪು, ಎಣ್ಣೆ ಸವರಿ ಬೇಯಿಸಿ, ಆಮೇಲೆ ಮೊದಲೇ ಇಂಗಿಸಿಟ್ಟ ಗ್ಲೇಜ್ ಹಚ್ಚಿ ಉಳಿದ ನಾಲ್ಕು ನಿಮಿಷ ಇಡಿ. ಓವನ್‌ನಲ್ಲಿ ತೆಳ್ಳಗಿನ ಸಾಸ್ ಇಂಗುವುದಿಲ್ಲ, ಹರಿದು ಟ್ರೇಯಲ್ಲಿ ಸೀಯುತ್ತದೆ.

ಸೋಯಾ ಇಷ್ಟವಿಲ್ಲದ ಮನೆಯವರು ಅದನ್ನು ಬಿಟ್ಟು ಒಂದು ಚಮಚ ಬ್ಯಾಡಗಿ ಮೆಣಸಿನ ಪುಡಿ, ಉಪ್ಪು ಹಾಕಿ, ಹುಣಸೆ ರಸ ಒಂದು ದೊಡ್ಡ ಚಮಚ ಮಾಡಿಕೊಳ್ಳಿ. ಖಾರ ಕಮ್ಮಿ, ಬಣ್ಣ ಕೆಂಪಗೆ ಕಣ್ಣು ತುಂಬುತ್ತದೆ. ನಿಜ ಹೇಳಬೇಕೆಂದರೆ ನನಗೆ ಸೋಯಾದ್ದಕ್ಕಿಂತ ಇದೇ ಹೆಚ್ಚು ಇಷ್ಟ.

ಭಾನುವಾರ ಎರಡರಷ್ಟು ಸಾಸ್ ಕುದಿಸಿ ಆರಿಸಿ ಗಾಜಿನ ಬಾಟಲಿಯಲ್ಲಿ ಫ್ರಿಜ್‌ಗೆ ಸೇರಿಸಿದರೆ ನಾಲ್ಕೈದು ದಿನ ಇರುತ್ತದೆ. ಬುಧವಾರ ರಾತ್ರಿ ಮೀನು ಒರೆಸಿ ಹುರಿಯುವುದಷ್ಟೇ ಕೆಲಸ. ಫ್ರಿಜ್‌ನಲ್ಲಿ ಗಟ್ಟಿಯಾಗಿರುತ್ತದೆ, ಬಾಣಲೆಗೆ ಸುರಿಯುವ ಮೊದಲು ಮೂರು ಚಮಚ ನೀರು ಬೆರೆಸಿಕೊಳ್ಳಿ.